ಗಾಳಿಬಿಗಿ

"ನೀನು ಬೇಡ, ಕೈ ತೆಗಿ," ಎಂದರು ಮಾವ.

ಅವಳ ಅಣ್ಣ ಆಗಲೇ ಬಗ್ಗಿ, ಅವಳ ಗಂಡನ ಶವಪೆಟ್ಟಿಗೆಯ ಒಂದು ಮೂಲೆ ಹಿಡಿದಿದ್ದ. ಕೈ ಬಿಟ್ಟು ನೆಟ್ಟಗೆ ನಿಂತ. ಹಾಲ್‌ನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಹೊರಗೆ ವ್ಯಾನಿನ ಎಂಜಿನ್ ಓಡುತ್ತಲೇ ಇತ್ತು.

"ಬಿಡಿ ಯಜಮಾನ್ರೇ, ಹೆಂಡ್ತಿ ಅಣ್ಣ ಅಲ್ವಾ? ಹೆಗಲು ಕೊಡ್ಲಿ," ಎಂದ ಗ್ಯಾರೇಜಿನ ಪೇಂಟರ್.

"ಹೆಗಲು ಕೊಡ್ತಾನಂತೆ! ಹಲ್ಲು ಡಾಕ್ಟರ ಕಾರು ಕೆಡಿಸಿ, ನಾಲ್ಕು ಜನದೆದುರು ನನ್ನ ಮಗ ತಲೆ ತಗ್ಗಿಸೋ ಹಾಗೆ ಮಾಡಿದೋನು. ಆವತ್ತಿಂದ ಹುಡುಗ ಸರಿಯಾಗಿ ಊಟ ಮಾಡ್ಲಿಲ್ಲ, ನಿದ್ದೆ ಮಾಡ್ಲಿಲ್ಲ. ಆ ಕೊರಗೇ ಅವನನ್ನ ತಿಂದು ಹಾಕ್ತು."

ಬಾಗಿಲ ಹತ್ತಿರ ಯಾರೋ ಪಿಸುಗುಟ್ಟಿದರು. "ಗಾಳಿಬಿಗಿ ಅಂದ್ರೆ ಇವನೇನಾ?"

"ಇವನೇ. ಈಗ ನೀರಿನ ಪಂಪ್ ರಿಪೇರಿ ಮಾಡ್ತಾನಂತೆ. ನೀರು ಮೇಲಕ್ಕೆ ಹತ್ತುತ್ತೋ, ಇವನೇ ಹೊತ್ಕೊಂಡು ಹೋಗಿ ಸುರೀತಾನೋ!"

ಒಬ್ಬ ನಗು ನುಂಗಿಕೊಂಡ. ಗೋಡೆಯ ಪಕ್ಕ ಅತ್ತೆಯ ಜೊತೆ ಕುಳಿತಿದ್ದ ಅವಳಿಗೆ ಎಲ್ಲವೂ ಕೇಳಿಸಿತು.

*

ಅದು ಹಳೆಯ ಕಾಲದ ಕೆಂಪು ಸ್ಪೋರ್ಟ್ಸ್ ಕಾರು, ಇಬ್ಬರಿಗಷ್ಟೇ ಜಾಗ. ಹಲ್ಲಿನ ಡಾಕ್ಟರು ಅದನ್ನು ಮಗಳ ಹಾಗೆ ಸಾಕಿದ್ದರು. ಚಕ್ರ ಹಿಡಿಯುವ ಆರ್ಮ್‌ಗಳ ಸಂದಿಯಲ್ಲಿ ಕೂರುವ ರಬ್ಬರ್ ಬುಷ್‌ಗಳು ಒಡೆದ ಹಿಮ್ಮಡಿಯಂತೆ ಬಿರುಕು ಬಿಟ್ಟಿದ್ದವು. ಗ್ಯಾರೇಜಿನಲ್ಲಿ ಗಂಡ, ಅಣ್ಣ ಇಬ್ಬರೂ ಸೇರಿ ಹಳೆಯವನ್ನು ಒತ್ತಿ ತೆಗೆದರು, ಹೊಸವನ್ನು ಕೂರಿಸಿದರು. ಕೊನೆಗೆ ಬೋಲ್ಟ್ ಬಿಗಿಯುವುದು ಮಾತ್ರ ಉಳಿದಿತ್ತು.

"ಜ್ಯಾಕ್ ಮೇಲಿದ್ದಾಗ ಬಿಗೀಬಾರ್ದು," ಎಂದು ಅಣ್ಣ ಯಾವಾಗಲೂ ಹೇಳುತ್ತಿದ್ದ. "ನೆಲಕ್ಕಿಳಿಸಿ, ತನ್ನ ಭಾರ ತಾನೇ ಹೊತ್ಕೊಂಡಾಗ ಬಿಗೀಬೇಕು. ಗಾಳೀಲಿ ಬಿಗಿದ್ರೆ ರಬ್ಬರ್ ತಿರುಚ್ಕೊಂಡೇ ಬಾಳ್ಬೇಕು, ಪಾಪ."

ಕೆಲವೇ ವಾರಗಳಲ್ಲಿ ಕಾರು ಕಿರುಗುಡುತ್ತಾ ವಾಪಸು ಬಂತು. ಹೊಸ ರಬ್ಬರ್ ಹರಿದು ಹೋಗಿತ್ತು. ಗಿರಾಕಿಗಳ ಎದುರು ಡಾಕ್ಟರು ಕೂಗಾಡಿದರು. ಯಾರು ಬಿಗಿದದ್ದು ಎಂದು ಕೇಳಿದರು. ಗಂಡ ಅಣ್ಣನ ಕಡೆ ಬೆರಳು ತೋರಿಸಿದ. ಅಣ್ಣ ಆ ಬೆರಳನ್ನೇ ಸ್ವಲ್ಪ ಹೊತ್ತು ನೋಡಿ, "ಹೌದು, ನನ್ನ ಕೈತಪ್ಪು," ಎಂದ. ಕೈ ತೊಳೆದುಕೊಂಡು ಹೋದವನು ಮತ್ತೆ ಗ್ಯಾರೇಜಿಗೆ ಕಾಲಿಡಲಿಲ್ಲ. 'ಗಾಳಿಬಿಗಿ' ಎಂಬ ಅಡ್ಡಹೆಸರು ಮಾತ್ರ ಅವನ ಬೆನ್ನು ಬಿಡಲಿಲ್ಲ.

ಆ ದಿನ ಗಂಡ ತಟ್ಟೆಯ ಮುಂದೆ ಊಟ ಮುಟ್ಟದೆ ಕುಳಿತಿದ್ದ.

"ಬಿಗಿದಿದ್ದು ನಾನು ಕಣೇ. ಬಿಗಿದ ದಿನ ನಿಮ್ಮಣ್ಣ ಬಂದೇ ಇರ್ಲಿಲ್ಲ. ಬೇಗ ಮುಗಿಸೋಣ ಅಂತ ಇಳಿಸೋಕ್ಕೂ ಮುಂಚೆನೇ ಬಿಗಿದುಬಿಟ್ಟೆ."

"ಹಾಗಾದ್ರೆ ಹೋಗಿ ಹೇಳಿ."

"ಹೇಳ್ತೀನಿ. ಡಾಕ್ಟರ ಸಿಟ್ಟು ಇಳೀಲಿ."

ಅವಳು ತಟ್ಟೆಯನ್ನು ಅವನ ಹತ್ತಿರ ಸರಿಸಿದಳು. "ಸರಿ. ಈಗ ಊಟ ಮಾಡಿ."

ಅಣ್ಣ ಆಮೇಲೂ ಮನೆಗೆ ಬಂದು ಹೋಗುತ್ತಿದ್ದ. ಅವಳು ಚಹಾ ಕೊಟ್ಟು, ಅತ್ತಿಗೆಯ ಆರೋಗ್ಯ ವಿಚಾರಿಸಿ ಕಳಿಸುತ್ತಿದ್ದಳು.

*

"ನೀನು ಬಾರಪ್ಪ," ಎಂದು ಮಾವ ಪಕ್ಕದ ಮನೆಯವನನ್ನು ಕರೆದರು. ಅಣ್ಣ ಗುಂಪಿನ ಹಿಂದಕ್ಕೆ ಸರಿದ. ಜನ ಅಗತ್ಯಕ್ಕಿಂತ ಹೆಚ್ಚೇ ದಾರಿ ಬಿಟ್ಟರು.

ಅವಳು ಎದ್ದು ನಿಂತಳು. "ಬಿಗಿದಿದ್ದು ಅಣ್ಣ ಅಲ್ಲ."

"ಏನಮ್ಮಾ?" ಮಾವನ ದನಿ ಮೆತ್ತಗಾಯಿತು. "ನೀರು ಬೇಕಾ?"

ಮೊದಲ ಸಲ ಹೇಳುವುದೇ ಕಷ್ಟವಾಗಿತ್ತು. ಮತ್ತೊಮ್ಮೆ, ಎಲ್ಲರಿಗೂ ಕೇಳುವ ಹಾಗೆ ಹೇಳಬೇಕಾಯಿತು.

"ಡಾಕ್ಟರ ಕಾರು. ಬಿಗಿದಿದ್ದು ಅಣ್ಣ ಅಲ್ಲ, ಇವರೇ. ನಂಗೆ ಹೇಳಿದ್ರು."

"ಬಾಯಿ ಮುಚ್ಚೇ!" ಎಂದರು ಅತ್ತೆ. "ಇನ್ನೂ ಮನೆ ಬಿಟ್ಟು ಹೋಗಿಲ್ಲ ಅವನು."

ಮಾವ ಪೆಟ್ಟಿಗೆಯ ಕಡೆ ನೋಡಲಿಲ್ಲ. "ಯಾವಾಗ ಹೇಳಿದ?"

"ಆವತ್ತೇ."

ಗುಂಪಿನ ಹಿಂದಿನಿಂದ ಅಣ್ಣ ತಲೆಯೆತ್ತಿದ. ಮಾವ ಗದರಿದಾಗಲೂ ಬದಲಾಗದಿದ್ದ ಅವನ ಮುಖ ಈಗ ಬದಲಾಯಿತು.

"ನಿಂಗೆ ಗೊತ್ತಿತ್ತಾ?"

ಅವಳು ಅವನ ಕಡೆ ಒಂದು ಹೆಜ್ಜೆ ಇಟ್ಟಳು.

"ನಿಂಗೆ ಗೊತ್ತಿಲ್ಲ ಅಂತಲೇ ನಾನು ಸುಮ್ನಿದ್ದೆ ಪುಟ್ಟಿ," ಎಂದ ಅಣ್ಣ. "ನಿನ್ನ ಸಂಸಾರ ಚೆನ್ನಾಗಿರ್ಲಿ ಅಂತ."

ಪೇಂಟರ್ ಸುಮ್ಮನೆ ಕೆಮ್ಮಿದ. ನಗು ನುಂಗಿದವನು ಚಪ್ಪಲಿ ಹುಡುಕುವ ನೆಪದಲ್ಲಿ ಹೊರಗೆ ಹೋದ. ಮಾವ ಪಕ್ಕದ ಮನೆಯವನ ತೋಳು ಹಿಡಿದು ಬದಿಗೆ ಸರಿಸಿದರು.

"ಹಿಡ್ಕೋ," ಎಂದರು ನೆಲ ನೋಡುತ್ತಾ.

ಅಣ್ಣ ಬಂದು ಬಗ್ಗಿದ. ಎತ್ತಿದರು. ಪೆಟ್ಟಿಗೆ ಅವಳ ಮುಂದೆಯೇ, ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಹಾದುಹೋಯಿತು. ಅಣ್ಣ ಬಾಗಿಲನ್ನೇ ನೋಡುತ್ತಾ ನಡೆದ.

ಗಂಡಸರೆಲ್ಲ ಹೊರಟ ಮೇಲೆ ಹಾಲ್ ದೊಡ್ಡದಾಗಿ ಕಂಡಿತು. ಅತ್ತೆ ಎದ್ದರು. ಅವಳ ಪಕ್ಕ ತಾವು ಕುಳಿತಿದ್ದ ಕುರ್ಚಿಯನ್ನು ಎರಡೂ ಕೈಯಲ್ಲಿ ಹಿಡಿದು, ನೆಲದ ಮೇಲೆ ಕಿರುಗುಟ್ಟಿಸುತ್ತಾ, ಎದುರು ಗೋಡೆಯವರೆಗೂ ಎಳೆದುಕೊಂಡು ಹೋಗಿ ಅಲ್ಲಿ ಕುಳಿತರು.