ಹಿಡಿಕೆ ಇಲ್ಲದ ಸೀಟು

ನಮ್ಮೂರ ಪಕ್ಕದ ಮೈದಾನದಿಂದ ಆ ಮುದಿ ಮೀಟಿಯರ್ ವಿಮಾನ ಎದ್ದಾಗಲೆಲ್ಲ ಊರಿನವರು ಗೊಣಗುತ್ತಾರೆ. ನಾಯಿ ಹೆದರುತ್ತದೆ, ಮಗು ಎಚ್ಚರಗೊಳ್ಳುತ್ತದೆ ಎಂದು ದೂರು ಕೊಟ್ಟವರೂ ಇದ್ದಾರೆ. ನಾನು ಮಾತ್ರ ಒಲೆ ಆರಿಸಿ ಹಿತ್ತಲಿಗೆ ಓಡುತ್ತೇನೆ. ಓಡುವುದೆಂದರೆ, ಈ ಮಂಡಿಗಳು ಬಿಟ್ಟಷ್ಟು.

ನಮ್ಮ ಬ್ರಿಟನ್ನಿನ ಮೊದಮೊದಲ ಜೆಟ್ ಯುದ್ಧವಿಮಾನ ಅದು. ಅದರ ಓರಗೆಯವೆಲ್ಲ ಗುಜರಿಗೋ ಮ್ಯೂಸಿಯಮ್ಮಿಗೋ ಸೇರಿ ಎಷ್ಟೋ ಕಾಲವಾಯಿತು. ಇದನ್ನು ಮಾತ್ರ ಸೀಟು ಮಾಡುವ ಕಂಪನಿಯವರು ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ಅಂತಿಂಥ ಸೀಟಲ್ಲ. ಅಪಾಯ ಬಂದಾಗ ಹಿಡಿಕೆ ಎಳೆದರೆ ಸಾಕು, ಪೈಲಟನ್ನು ಹೊತ್ತುಕೊಂಡೇ ವಿಮಾನದಿಂದ ಹೊರಗೆ ಚಿಮ್ಮುವ ಸೀಟು. ಮೀಟಿಯರ್‌ನ ಹಿಂಬದಿಯಲ್ಲಿ ಬೊಂಬೆಯೊಂದನ್ನು ಕೂರಿಸಿ ಆಕಾಶದಲ್ಲಿ ಚಿಮ್ಮಿಸಿ ನೋಡುತ್ತಾರೆ. ಬೊಂಬೆ ಪ್ಯಾರಾಚೂಟ್ ಬಿಚ್ಚಿಕೊಂಡು ತಣ್ಣಗೆ ಇಳಿಯುತ್ತದೆ. ಅದನ್ನು ಕಂಡರೆ ನನಗೆ ಹೊಟ್ಟೆಕಿಚ್ಚು.

ನನ್ನ ಗಂಡ ಡೆನ್ಜಿಲ್ ಹೋದದ್ದೂ ಮೀಟಿಯರ್‌ನಲ್ಲೇ. ವಾಯುಪಡೆಯ ಹುಡುಗರಿಗೆ ಹಾರಿಸಲು ಕಲಿಸುತ್ತಿದ್ದ. ಕಲಿಸಲು ಬಳಸುತ್ತಿದ್ದ ಆ ಮೀಟಿಯರ್‌ಗಳಲ್ಲಿ ಚಿಮ್ಮುವ ಸೀಟೇ ಇರಲಿಲ್ಲ. ಎರಡು ಎಂಜಿನ್‌ಗಳಲ್ಲಿ ಒಂದು ಕೆಟ್ಟರೆ ಇಳಿಸುವುದು ಹೇಗೆಂದು ತೋರಿಸಲು, ನೆಟ್ಟಗಿದ್ದ ಎಂಜಿನನ್ನೇ ನೆಲದ ಹತ್ತಿರ ಬೇಕೆಂದೇ ಆರಿಸುವುದು ಆಗಿನ ಪದ್ಧತಿ. ಎಂಜಿನ್ ಕೆಟ್ಟು ಸತ್ತವರಿಗಿಂತ, ಕೆಟ್ಟರೆ ಏನು ಮಾಡಬೇಕೆಂದು ಕಲಿಯುತ್ತ ಸತ್ತವರೇ ಹೆಚ್ಚು ಎಂದು ಪಡೆಯವರೇ ಆಡಿಕೊಳ್ಳುತ್ತಿದ್ದರು. ಇಂಥ ಜಾಣತನಕ್ಕೆ ಏನೆನ್ನಬೇಕೋ ನನಗೆ ಇವತ್ತಿಗೂ ತಿಳಿಯದು. ನಮ್ಮ ಮದುವೆಯಾಗಿ ವರ್ಷ ತುಂಬಿರಲಿಲ್ಲ.

ಮಣ್ಣು ಮಾಡಿದ ಮೇಲೆ ಪಡೆಯ ಪಾದ್ರಿ ನನ್ನ ಕೈ ಹಿಡಿದು, ಕೊನೆಯ ಗಳಿಗೆಯಲ್ಲಿ ಅವನು ನಿನ್ನನ್ನೇ ನೆನೆದಿರುತ್ತಾನೆ ಎಂದರು. ಆ ಒಂದು ಮಾತಿನ ಮೇಲೆ ನಾನು ಇಷ್ಟು ಕಾಲ ಬದುಕಿದ್ದೇನೆ. ಮದುವೆಗೆ ಕೇಳಿ ಬಂದವರಿದ್ದರು, ಅವರಲ್ಲಿ ಬೇಕರಿಯವನಂತೂ ನಿಜಕ್ಕೂ ಒಳ್ಳೆಯವನು. ಸಾಯುವಾಗ ನನ್ನನ್ನು ನೆನೆದವನನ್ನು ಬಿಟ್ಟು ಹೇಗೆ ಹೋಗಲಿ ಎಂದು ಒಲ್ಲೆನೆಂದೆ. ದಿನಾ ಒಂದೇ ಒಂದು ಮೊಟ್ಟೆ ಬೇಯಿಸಿಕೊಳ್ಳುತ್ತ ಮುದುಕಿಯಾದೆ. ಒಂಟಿತನ ಅಭ್ಯಾಸವಾಗುತ್ತದೆ ಎನ್ನುವವರು ಒಂಟಿಯಾಗಿ ಇದ್ದವರಲ್ಲ.

ಮೊನ್ನೆ ಚರ್ಚಿನ ಸಭಾಂಗಣದಲ್ಲಿ ಮುದುಕರಿಗೆಲ್ಲ ಮಧ್ಯಾಹ್ನದ ಊಟವಿತ್ತು. ಬಡಿಸಲು ಬಂದವರಲ್ಲಿ ಊರಿಗೆ ಹೊಸಬನೊಬ್ಬ, ಫರ್ಗಸ್ ಲಿಡನ್ ಎಂದು ಹೆಸರು. ಅವನ ಕೊರಳಲ್ಲಿ ಆ ಟೈ ಇತ್ತು. ಸೀಟಿನಿಂದ ಜೀವ ಉಳಿಸಿಕೊಂಡವರಿಗೆ ಕಂಪನಿ ಕೊಡುವ ಟೈ ಅದು, ಅಂಗಡಿಯಲ್ಲಿ ಸಿಗುವುದಲ್ಲ. ನಮ್ಮ ಕಡೆ ಎಲ್ಲರಿಗೂ ಅದರ ಗುರುತು ಗೊತ್ತು. ಅಂಥ ಟೈ ಕಟ್ಟಿದವರನ್ನು ನಾನು ಹಿಂದೆಯೂ ದೂರದಿಂದ ನೋಡಿದ್ದೆ. ಕೇಳಲು ಧೈರ್ಯವಾಗಿರಲಿಲ್ಲ. ಈ ಸಲ, ಇನ್ನೊಬ್ಬ ಸಿಗುವವರೆಗೆ ನಾನೇ ಇರುತ್ತೇನೋ ಇಲ್ಲವೋ ಅನ್ನಿಸಿತು.

ತಟ್ಟೆಗೆ ಆಲೂಗಡ್ಡೆ ಹಾಕುತ್ತಿದ್ದವನನ್ನು, ಎಲ್ಲಿ ಬಿದ್ದೆಯಪ್ಪಾ ಎಂದು ಕೇಳಿದೆ.

"ಸಮುದ್ರಕ್ಕೆ, ಮಿಸೆಸ್ ಟ್ಯಾರಂಟ್. ಸೀಟು ಚಿಮ್ಮಿದ ಏಟಿಗೆ ಬೆನ್ನುಮೂಳೆ ಕುಗ್ಗಿ ಒಂಚೂರು ಗಿಡ್ಡ ಆದೆ. ಅದಕ್ಕೆ ಬದ್ಲು ಈ ಟೈ ಕೊಟ್ರು."

ನಕ್ಕೆ. ಪಕ್ಕದ ಕುರ್ಚಿ ಎಳೆದು ಕೂರಿಸಿಕೊಂಡೆ.

"ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಇನ್ನೇನು ಸತ್ತೇ ಅನ್ನಿಸಿದಾಗ ಯಾರನ್ನ ನೆನೆಸ್ಕೊಂಡೆ? ಹೆಂಡ್ತೀನಾ?"

ನಗಲು ಹೊರಟವನು ನನ್ನ ಮುಖ ನೋಡಿ ತಡೆದುಕೊಂಡ.

"ಅವಳೂ ಇದನ್ನೇ ಕೇಳಿದ್ಲು. ನಿನ್ನನ್ನೇ ಅಂತ ಸುಳ್ಳು ಹೇಳ್ದೆ. ನಿಜ ಅಂದ್ರೆ ಯಾರನ್ನೂ ಇಲ್ಲ. ಕೈ ತಾನಾಗೇ ಹೋಗಿ ಹಿಡಿಕೆ ಎಳೀತು. ಯೋಚನೆ ಮಾಡೋಕೆ ಪುರುಸೊತ್ತೆಲ್ಲಿ?"

ಆ ಪಾದ್ರಿ ಬದುಕಿದ್ದಿದ್ದರೆ ಅಲ್ಲಿಂದಲೇ ಎದ್ದುಹೋಗಿ ಜಗಳವಾಡುತ್ತಿದ್ದೆ. ಫರ್ಗಸ್, ಹುಷಾರಾಗಿದ್ದೀರಿ ತಾನೇ ಎಂದ. ಡೆನ್ಜಿಲ್‌ನ ವಿಷಯವನ್ನೂ ಪಾದ್ರಿಯ ಮಾತನ್ನೂ ಅವನಿಗೆ ಹೇಳಿದೆ.

"ನಮ್ಮವನ ಸೀಟಿಗೆ ಹಿಡಿಕೆ ಇರ್ಲಿಲ್ಲ ಕಣಪ್ಪ," ಎಂದೆ.

ಅವನು ಕುರ್ಚಿಯನ್ನು ಹತ್ತಿರ ಎಳೆದುಕೊಂಡ. ಆಮೇಲೆ ನನ್ನ ಕೈ ಮೇಲೆ ಕೈಯಿಟ್ಟ.

"ಹಾಗಾದ್ರೆ ಪಾದ್ರಿ ಹೇಳಿದ್ದು ಸುಳ್ಳಿರಲಿಕ್ಕಿಲ್ಲ, ಮಿಸೆಸ್ ಟ್ಯಾರಂಟ್. ಎಳೆಯೋಕೆ ಏನೂ ಇಲ್ಲ ಅಂದ್ಮೇಲೆ, ಅವರಿಗೆ ನೆನೆಸ್ಕೊಳ್ಳೋಕೆ ಪುರುಸೊತ್ತು ಇತ್ತು."

ಸಮಾಧಾನಕ್ಕೆಂದೇ ಹೇಳಿದ, ಪಾಪ. ನಾನೂ ತಲೆಯಾಡಿಸಿ ಥ್ಯಾಂಕ್ಸ್ ಹೇಳಿದೆ, ತಟ್ಟೆಯಲ್ಲಿದ್ದುದನ್ನು ಮುಗಿಸಿದೆ. ಆದರೆ ಆ ಪುರುಸೊತ್ತು ಎಂಥದ್ದು ಎಂದು ನಾನು ಆವರೆಗೆ ಒಮ್ಮೆಯೂ ಯೋಚಿಸಿರಲಿಲ್ಲ. ನೆಲ ಎದುರಿಗೇ ಏರಿ ಬರುತ್ತಿದೆ, ಹುಡುಗನೊಬ್ಬ ಮುಂದಿನ ಸೀಟಿನಲ್ಲಿ ಕಿರುಚುತ್ತಿದ್ದಾನೆ, ಕೈಗೆ ಹಿಡಿಯಲು ಏನೂ ಇಲ್ಲ.

ಮನೆಗೆ ಬಂದು ಕೋಟನ್ನೂ ಬಿಚ್ಚದೆ ಅಡುಗೆಮನೆಯ ಕುರ್ಚಿಯಲ್ಲಿ ಕುಳಿತೆ. ಡೆನ್ಜಿಲ್ ನನ್ನನ್ನು ನೆನೆಯದೆಯೇ ಹೋಗಿರಲಿ, ದೇವರೇ, ಎಂದು ಬೇಡಿಕೊಂಡೆ.