ಕೊಬ್ಬರಿ ಎಣ್ಣೆಯ ಜೀಪು

"ಬಾಯಿ ಮುಚ್ಕೊಂಡು ಸುರಿಯೋ ಬೋಳಿಮಗನೆ," ಎಂದು ಧಣಿ ಕುಳ್ಳನ ಕೆನ್ನೆಗೆ ಬಾರಿಸಿದ. "ಎಣ್ಣೆ ಆರ್ಲಿ ಅಂತ ಕಾಯ್ತಾ ಕೂತ್ರೆ ಸಾಹೇಬ್ರು ಬಂದು ಏನ್ ನೋಡ್ತಾರೆ? ನಿನ್ನ ಮೋರೆನಾ?"

ಏಟಿನ ಸದ್ದಿಗೆ ಶೆಡ್ಡಿನ ಮೂಲೆಯಲ್ಲಿ ಕಾಯಿ ಒಡೆಯುತ್ತಿದ್ದ ಅಕ್ಕ ತಲೆಯೆತ್ತಿದಳು. ಕುಳ್ಳ ಅವಳ ಒಡಹುಟ್ಟಿದ ತಮ್ಮ. ತಾಯಿ ಸತ್ತ ಮೇಲೆ ಅವಳ ಕೈತುತ್ತು ತಿಂದೇ ಬೆಳೆದವನು. ಅವನು ಅಕ್ಕ ಅಕ್ಕ ಎಂದು ಕೂಗಿ ಕೂಗಿ, ಶೆಡ್ಡಿನಲ್ಲಿ ಅವಳಿಗಿಂತ ಹಿರಿಯರಿಗೂ ಅವಳು ಅಕ್ಕನೇ ಆಗಿಹೋಗಿದ್ದಳು.

ಆ ಶೆಡ್ಡಿನಲ್ಲಿ ತೆಂಗಿನಕಾಯಿಯಿಂದ ಡೀಸೆಲ್ ಆಗುತ್ತಿತ್ತು. ಹೆಂಗಸರು ಕಾಯಿ ಸುಲಿದು, ಒಡೆದು, ಒಣಗಿಸಿ ಕೊಬ್ಬರಿ ಮಾಡುವರು. ಗಂಡಸರು ಗಾಣಕ್ಕೆ ಹಾಕಿ ಎಣ್ಣೆ ತೆಗೆಯುವರು. ಆ ಎಣ್ಣೆಯನ್ನು ಡ್ರಮ್ಮಿನಲ್ಲಿ ಬಿಸಿ ಮಾಡಿ, ಒಲೆ ನಂದಿಸಿ ಸ್ವಲ್ಪ ಆರಿದ ಮೇಲೆ, ಸ್ಪಿರಿಟ್ಟಿನಲ್ಲಿ ಕಾಸ್ಟಿಕ್ ಸೋಡ ಕರಗಿಸಿ ಬೆರೆಸಿ ಕಲಕಿದರೆ ಜಿಡ್ಡೆಲ್ಲ ಅಡಿಗಿಳಿದು ತಿಳಿಯಾದದ್ದು ಮೇಲೆ ನಿಲ್ಲುತ್ತಿತ್ತು. ಅದರಿಂದ ಧಣಿಯ ಮನೆಯ ದೀಪ ಉರಿಯುತ್ತಿತ್ತು, ಧಣಿಯ ಪಂಪು ನೀರೆತ್ತುತ್ತಿತ್ತು, ಧಣಿಯ ಜೀಪು ಓಡುತ್ತಿತ್ತು. ಕೂಲಿಯವರ ಸಾಲುಮನೆಗೆ ಒಂದು ಬಲ್ಬು ಕೊಡಿ ಎಂದು ಕೇಳಿದ್ದಕ್ಕೆ, ಕತ್ತಲಲ್ಲಿ ನೀವು ಮಾಡೋ ಕೆಲಸಕ್ಕೆ ಬೆಳಕು ಯಾಕ್ರೋ ಎಂದು ಧಣಿ ಹೊಟ್ಟೆ ಕುಲುಕಿಸಿ ನಕ್ಕಿದ್ದ. ಕುಳ್ಳ ಅದನ್ನೂ ತಮಾಷೆಗೆ ತಿರುಗಿಸುವವನು. ನಮಗಿಂತ ಕಾಯಿಯ ಹಣೆಬರಹ ವಾಸಿ, ಒಡೆಸಿಕೊಂಡ ಮೇಲೆ ಜೀಪಿನಲ್ಲಿ ಊರು ಸುತ್ತುತ್ತದೆ, ಒಡೆದವರು ಮಾತ್ರ ನಡೆದೇ ಸಾಯಬೇಕು ಎನ್ನುತ್ತಿದ್ದ.

ಅವತ್ತು ಪೇಟೆಯಿಂದ ದೊಡ್ಡ ಸಾಹೇಬರು ಬರುವವರಿದ್ದರು. ಹೊಗೆಯಿಲ್ಲದ ಎಣ್ಣೆ, ಹಳ್ಳಿಯ ಉದ್ಧಾರ ಎಂದು ತೋರಿಸಿ ಇನ್ನಷ್ಟು ಶೆಡ್ಡುಗಳಿಗೆ ಅವರ ಕೈಯಲ್ಲಿ ಹೂಂ ಎನಿಸಿಕೊಳ್ಳುವುದು ಧಣಿಯ ಆಸೆ. ಡ್ರಮ್ಮಿನ ಕೆಳಗೆ ಒಲೆ ಇನ್ನೂ ನಿಗಿನಿಗಿ ಎನ್ನುತ್ತಿತ್ತು. ಕುಳ್ಳ ಸ್ಪಿರಿಟ್ಟಿನ ಕ್ಯಾನು ಅವುಚಿಕೊಂಡು ನಿಂತೇ ಇದ್ದ. ಧಣಿ ಈ ಸಲ ಕೈಯೆತ್ತಲಿಲ್ಲ, ಕಾಲೆತ್ತಿದ. ಒದೆತಕ್ಕೆ ಕುಳ್ಳ ಮುಗ್ಗರಿಸಿದ, ಕ್ಯಾನು ಡ್ರಮ್ಮಿನ ಬಾಯಿಗೆ ಬಗ್ಗಿತು.

ಭಗ್ಗೆಂದಿತು, ಅಷ್ಟೆ. ಸ್ಪಿರಿಟ್ಟಿನ ಬೆಂಕಿ ಹಗಲಲ್ಲಿ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ಕುಳ್ಳ ಯಾಕೆ ಹಾಗೆ ಕುಣಿಯುತ್ತಿದ್ದಾನೆ ಎಂದು ಮೊದಲು ಯಾರಿಗೂ ತಿಳಿಯಲಿಲ್ಲ. ಆಮೇಲೆ ಅವನ ಕೂದಲು ಸುರುಟಿತು, ಅಂಗಿ ಕರ್ರಗಾಗಿ ಉದುರಿತು. ಅಕ್ಕ ಒದ್ದೆ ಗೋಣಿಚೀಲ ಎಳೆದುಕೊಂಡು ಓಡಿ ಅವನ ಮೇಲೆ ಬಿದ್ದಳು. ಇಬ್ಬರೂ ಕೊಬ್ಬರಿ ಹಿಂಡಿಯ ಮೇಲೆ ಉರುಳಾಡಿದರು.

ಧಣಿ ಅಷ್ಟರಲ್ಲಿ ಅಂಗಳ ಸೇರಿದ್ದ. ಮೊದಲು ಡ್ರಮ್ಮುಗಳನ್ನು ಹೊರಗೆಳೆಯಿರಿ ಎಂದು ಅಲ್ಲಿಂದಲೇ ಅರಚುತ್ತಿದ್ದ. ಗಾಣದವರು ಡ್ರಮ್ಮಿನ ಹತ್ತಿರ ಹೋಗಲಿಲ್ಲ. ಕುಳ್ಳನನ್ನು ಗೋಣಿಯಲ್ಲೇ ಎತ್ತಿ ತಂದು ಜೀಪಿನ ನೆರಳಿನಲ್ಲಿ ಮಲಗಿಸಿದರು. ಅವನಿಗೆ ಮುಖವೆನ್ನುವುದು ಉಳಿದಿರಲಿಲ್ಲ. ಎದೆ ಮಾತ್ರ ಏರಿ ಇಳಿಯುತ್ತಿತ್ತು.

ಅಕ್ಕ ಧಣಿಯ ಕಾಲು ಹಿಡಿದಳು. "ಧಣೇರೆ, ಜೀಪ್ ಕೊಡಿ. ಆಸ್ಪತ್ರೆ ಮುಟ್ಟಿಸಿ ವಾಪಸ್ ಕಳಿಸ್ತೀನಿ."

ಅವಳ ಅಂಗೈಗೆ ತಮ್ಮನ ಚರ್ಮ ಮೆತ್ತಿಕೊಂಡಿತ್ತು. ಧಣಿ ಕಾಲು ಕಿತ್ತುಕೊಂಡು ಬಿಳಿ ಪ್ಯಾಂಟು ಒರೆಸಿಕೊಂಡ. "ಸಾಹೇಬ್ರು ಕೂರೋ ಸೀಟಲ್ಲಿ ನಿಮ್ಮಂಥೋರ ಹೆಣ ಮಲಗಿಸ್ಲಾ? ಕಾಯಿ ತಳ್ಳೋ ಗಾಡಿ ಇದ್ಯಲ್ಲ, ಹಾಕ್ಕೊಂಡ್ ಹೋಗು."

"ಇನ್ನೂ ಹೆಣ ಆಗಿಲ್ಲ."

"ಆಗ್ತಾನೆ ಬಿಡು."

ಅಕ್ಕ ಎದ್ದಳು. ಅಳಲಿಲ್ಲ, ಶಾಪ ಹಾಕಲಿಲ್ಲ. ಹೊಗೆಯಾಡುತ್ತಿದ್ದ ಶೆಡ್ಡಿನೊಳಗೆ ಹೋಗಿ ಕಾಯಿ ಒಡೆಯುವ ಮಚ್ಚು ಹಿಡಿದುಕೊಂಡು ಬಂದಳು. ಧಣಿಗೆ ನಗು ಬಂತು. ಏನೇ ಲೌಡಿ, ನಂಗೇ ಮಚ್ಚು ತೋರಿಸ್ತೀಯಾ ಎಂದು ಜೀಪಿನ ಕೀ ಹಿಡಿದಿದ್ದ ಕೈಯನ್ನೇ ಅವಳ ಮುಖದ ಮುಂದೆ ಆಡಿಸಿದ. ಅವಳು ಬೀಸಿದಳು. ದಿನವಿಡೀ ಕಾಯಿ ಒಡೆಯುವ ಕೈ. ಎರಡನೇ ಏಟು ಬೇಕಾಗಲಿಲ್ಲ. ಕೀ ಧೂಳಿಗೆ ಬಿತ್ತು, ಅದರ ಜೊತೆ ಬೆರಳುಗಳೂ ಬಿದ್ದವು.

ಜೀಪಿನ ಡ್ರೈವರು ಧಣಿಯ ಮುಖ ನೋಡಿದ, ಅಕ್ಕನ ಮುಖ ನೋಡಿದ. ಬಗ್ಗಿ ಬೆರಳುಗಳ ನಡುವಿನಿಂದ ಕೀ ಎತ್ತಿಕೊಂಡು ಪ್ಯಾಂಟಿಗೆ ಒರೆಸಿ ಜೀಪು ಹತ್ತಿದ.

"ನೀನೂ ಹತ್ತು," ಎಂದಳು ಅಕ್ಕ ಧಣಿಗೆ. ಮಚ್ಚಿನ ಬಾಯಿ ಅವನ ಕುತ್ತಿಗೆಯ ಮೇಲಿತ್ತು. "ಹಿಂದೆ ಕೂರು. ಅವನ ತಲೆ ನಿನ್ನ ತೊಡೆ ಮೇಲೆ ಇಟ್ಕೋ."

ದಾರಿಯುದ್ದಕ್ಕೂ ಧಣಿ ಹಸುಳೆಯ ಹಾಗೆ ಅತ್ತ. ಹಳ್ಳ ಬಂದಾಗ ಜೀಪು ಎತ್ತಿಹಾಕಿದರೆ, ತಲೆ ಅಲ್ಲಾಡದಂತೆ ಹಿಡಿ ಎಂದು ಅಕ್ಕ ಗದರುತ್ತಿದ್ದಳು. ಹಿಡಿಯುತ್ತಿದ್ದ. ಎಲ್ಲೋ ಒಂದು ಕಡೆ ಕುಳ್ಳ ನೀರು ಎಂದ ಹಾಗಾಯಿತು. ಧಣಿಯೇ ತನ್ನ ಬಾಟಲಿಯಿಂದ ಅವನ ತುಟಿ ಇದ್ದ ಜಾಗಕ್ಕೆ ನೀರು ಬಿಟ್ಟ. ಅದು ಒಳಗೆ ಹೋಗದೆ ಕುತ್ತಿಗೆಗೆ ಇಳಿಯಿತು.

ಆಸ್ಪತ್ರೆಯ ಮುಂದೆ ಸ್ಟ್ರೆಚರ್ ತಳ್ಳಿಕೊಂಡು ಓಡಿ ಬಂದವರು ನೇರ ಧಣಿಯ ಕಡೆಗೇ ಬಂದರು. ಅಯ್ಯೋ, ಯಜಮಾನರ ಕೈ, ಯಜಮಾನರ ಕೈ ಎಂದು ಒಬ್ಬರಿಗಿಂತ ಒಬ್ಬರು ಮುಂದೆ ನುಗ್ಗಿದರು. ಧಣಿಯ ತೊಡೆಯ ಮೇಲೆ ಏನಿದೆ ಎಂದು ಅವರಲ್ಲಿ ಯಾರೂ ನೋಡಲಿಲ್ಲ. ಅಕ್ಕ ಜೀಪಿನ ಬಾಗಿಲಿಗೆ ಅಡ್ಡ ನಿಂತು ಮಚ್ಚು ಎತ್ತಿದಳು.

"ಮೊದ್ಲು ಇವನು," ಎಂದಳು.

ಅವರು ಹಿಂದೆ ಸರಿದರು. ವಯಸ್ಸಾದ ನರ್ಸಮ್ಮ ಒಬ್ಬಳು ಮಾತ್ರ ಮಚ್ಚಿನ ಅಡಿಯಲ್ಲೇ ತೂರಿ ಬಂದು ಕುಳ್ಳನ ಕುತ್ತಿಗೆ ಮುಟ್ಟಿ ನೋಡಿದಳು. ಅಲ್ಲೇ ಬೆರಳಿಟ್ಟುಕೊಂಡು ಬಹಳ ಹೊತ್ತು ನಿಂತಳು. ಆಮೇಲೆ ಗೋಣಿಯ ಅಂಚನ್ನು ಅವನ ಮುಖದ ಮೇಲೆ ಎಳೆದಳು.

ಇನ್ನು ಮುಗಿಯಿತಲ್ಲ ಎಂಬಂತೆ ಧಣಿ ತೊಡೆ ಸಡಿಲಿಸಿ, ತಲೆಯನ್ನು ಮೆಲ್ಲಗೆ ಪಕ್ಕಕ್ಕೆ ಇಳಿಸಲು ನೋಡಿದ.

"ಇಳಿಸ್ಬೇಡ," ಎಂದಳು ಅಕ್ಕ. "ಹಿಡ್ಕೊಂಡಿರು."

ಗೇಟಿನ ಹತ್ತಿರ ಪೊಲೀಸರ ಬೂಟಿನ ಸದ್ದಾಯಿತು. ಮಚ್ಚು ಕೆಳಗೆ ಹಾಕು ಎಂದು ಯಾರೋ ಕೂಗಿದರು. ಅವಳು ತಿರುಗಿ ನೋಡಲಿಲ್ಲ. ಧಣಿ ಎರಡೂ ಕೈಯಲ್ಲಿ, ಬೆರಳಿಲ್ಲದ ಕೈಯಲ್ಲೂ, ಕುಳ್ಳನ ತಲೆ ಹಿಡಿದುಕೊಂಡು ಕೂತಿದ್ದ.