ಅವ್ವನ ಗುಳಿಗಿ

ಲಾರಿಯ ಮೇಲೆ ಕೆಂಪು ಗ್ರಾನೈಟ್ ಬಂಡೆ, ಬಸ್ಸಿನ ಕಿಟಕಿಗೆ ತಾಗುವಷ್ಟು ಹತ್ತಿರ, ಥೇಟ್ ಸೆರಗಿನ ಬಣ್ಣ, ಹುನಗುಂದ ದಾಟಿತು, ಇನ್ನೇನು ಇಳಕಲ್, ಪಕ್ಕದಲ್ಲಿ ಹೆಂಡತಿ ಮಹಾನಂದಾ ಸುಮ್ಮನೆ ಕೂತಿದ್ದಾಳೆ — ಲಕ್ವಾ ಹೊಡೆದು ಬಲಗೈಯ ಜೊತೆ ಮಾತೂ ಹೋದವಳು ಮತ್ತೆ ಹೇಗೆ ಕೂರಬೇಕು, ಮೊದಲಾದರೆ ಇಡೀ ಬಸ್ಸಿಗೆ ಇವಳದೇ ಧ್ವನಿ, ಕಂಡಕ್ಟರ್ ಇವಳನ್ನು ಕೇಳಿಯೇ ಸೀಟಿ ಊದುತ್ತಿದ್ದ ಎಂದು ಗಂಡ ಹುಚ್ಚಪ್ಪ ಹೇಳಿದರೆ ಊರಲ್ಲಿ ಯಾರೂ ಸುಳ್ಳೆನ್ನುವುದಿಲ್ಲ, ಮಗ್ಗದಲ್ಲಿ ಸೆರಗಿನ ಕೆಂಪು ಎಳೆಯನ್ನು ಒಡಲಿನ ಕರಿ ಎಳೆಗೆ ಕೊಂಡಿ ಹಾಕಿ ಕೂಡಿಸುವಾಗಲೂ ಬಾಯಿ ನಿಂತದ್ದಿಲ್ಲ, ಎಳೆಯ ದುಂಡು ಕುಣಿಕೆ ತೆರೆದು ಹಿಡಿಯುವ ಗಂಡನಿಗೇ ಅಪ್ಪಣೆ, ಕೊಂಡಿ ತಗದು ಹಿಡೀರಿ, ದಾರ ಬರ್ಲಿ, ಎಲ್ಲಿ ನೋಡಾಕ್ಹತ್ತೀರಿ — ವಿದ್ಯಾಗಿರಿಯ ಡಾಕ್ಟರು ಇವಳಿಗೆ ಬರೆದ ಗುಳಿಗೆ ನೋಡಿದರೆ ಹುಚ್ಚಪ್ಪನ ಸತ್ತ ಅವ್ವನದೇ, ಅದೇ ಪಟ್ಟಿ, ಅದೇ ಬಿಳುಪು, ಇದು ಮುಪ್ಪಿನ ಮರವಿಗೆ ಕೊಡೂದರಿ, ಈಗ ಲಕ್ವಾದಾಗ ಮಾತು ಹೋದವರಿಗೂ ಕೊಟ್ಟು ನೋಡಾಕ್ಹತ್ತ್ಯಾರ, ಖಾತ್ರಿ ಇಲ್ಲ, ಆದ್ರ ತಪ್ಪಸಬ್ಯಾಡ್ರಿ ಎಂದಿದ್ದರು ಡಾಕ್ಟರು. ಅವ್ವನಿಗೆ ತಪ್ಪಿಸದೇ ನುಂಗಿಸಿದ್ದ, ನುಂಗಿದಷ್ಟೂ ಅವ್ವ ಮರೆತಳು, ಕೊನೆಗೆ ಬಾಗಿಲ ಕಂಬಕ್ಕೆ ಉಂಡಿಯೇನೋ ಹುಚ್ಯಾ ಎಂದು ಕೇಳಿ, ಹುಚ್ಚಪ್ಪನಿಗೆ ನೀವ್ಯಾರ್ರಿ, ನೂಲು ತಂದೀರೇನು ಎಂದಳು, ಸಾಯುವ ದಿನವೂ ಕಂಬದ ಹತ್ತಿರವೇ ನೀರು ಕೇಳಿದಳು — ಗುಳಿಗೆಯ ಪ್ರತಾಪ ಕಣ್ಣಾರೆ ಕಂಡವನು ಅವನು, ಇವಳ ಮಾತು ಹೋದರೂ ಕಣ್ಣಲ್ಲಿ ಗಂಡನ ಗುರುತು ಉಳಿದಿದೆ, ಅದನ್ನೂ ಕಳೆದುಕೊಳ್ಳುವುದೇ, ದಿನಾ ಸಂಜೆ ಗುಳಿಗೆಯನ್ನು ಮಗ್ಗದ ಕೆಳಗೆ ಕಾಲಿಡುವ ಕುಣಿಗೆ ಎಸೆದ, ಅವಳ ಬಾಯಿಗೆ ಪೆಪ್ಪರಮೆಂಟು ಇಟ್ಟ, ಗುಳಿಗೆ ಸಿಹಿಯಾಗಿದೆ ಎನ್ನಲು ಅವಳಿಗೆ ಮಾತೆಲ್ಲಿತ್ತು — ಇವತ್ತು ದವಾಖಾನೆಯ ಬೆಂಚಿನ ಮೇಲೆ ಅಹ್ಮದಸಾಬ, ಅವನೂ ಲಕ್ವಾದಲ್ಲಿ ಮಾತು ಹೋದವನೇ, ಅವನ ಹೆಂಡತಿಯ ಕೈಯಲ್ಲೂ ಅದೇ ಪಟ್ಟಿ, ಖಾಲಿ, ಅಹ್ಮದಸಾಬ ಚಾ ತಾ ಎಂದ, ಸ್ಪಷ್ಟ, ಚಾ ತಾ, ಮುಂಜಾನಿಂದ ಇದ ಜಪ ರೀ ಎಂದು ಆಕೆ ನಗುತ್ತ ಕಣ್ಣೊರೆಸಿಕೊಂಡಳು, ನಿಮ್ಮ ಗುರ್ತ ಹಿಡೀತಾರೇನ್ರಿ ಎಂದು ಹುಚ್ಚಪ್ಪ ಕೇಳಿದ, ಅಯ್ಯ, ಹೆಸರ ಹಿಡದು ಬೈತಾರ್ರಿ. ಒಳಗೆ ಡಾಕ್ಟರು, ಗುಳಿಗಿ ತಪ್ಪದ ಕೊಟ್ಟೀರಿಲ್ಲೋ, ಕೊಟ್ಟೇನ್ರಿ — ಮಾತಾಡಬಲ್ಲ ನಾಲಿಗೆ ಆಡಿದ್ದು ಅದನ್ನೇ — ಹಂಗಾದ್ರ ಇವರಿಗೆ ಹತ್ತಲಿಲ್ಲ ಬಿಡ್ರಿ, ಬಂದ್ ಮಾಡೂಣು, ಚೀಟಿಯ ಮೇಲೆ ಅಡ್ಡ ಗೀಟು, ಮಹಾನಂದಾ ಡಾಕ್ಟರನ್ನಲ್ಲ, ಇವನನ್ನು ನೋಡಿದಳು. ಬಸ್ಸಿಳಿದು ತಿರುಗಿ ಹೋಗಿ ಹೇಳಬೇಕು, ಏನಂತ ಹೇಳಬೇಕು, ಹೊತ್ತು ಮುಳುಗುತ್ತಿದೆ, ಗುಳಿಗೆಯ ಹೊತ್ತು, ಅವಳ ಎಡಗೈ ಬಂದು ಅವನ ಕಿಸೆ ಮುಟ್ಟುತ್ತದೆ, ಪೆಪ್ಪರಮೆಂಟಿಗೆ ಬಾಯಿ ತೆರೆಯುತ್ತಾಳೆ, ದುಂಡಗೆ, ತಗದು ಹಿಡೀರಿ, ದಾರ ಬರ್ಲಿ, ತೆರೆದ ಕೊಂಡಿ, ದಾರ ಬಾರದ ಕೊಂಡಿ, ತೆರೆದೇ